ಮಡಿನೀರೂ ಊರ ನೀರೂ



ಪ್ರಾತಃಕಾಲದ ಆಚಮನದಿಂದ ಮೊದಲ್ಗೊಂಡು ಅಭಿಷೇಕ, ನೈವೇದ್ಯ, ತೀರ್ಥಪ್ರಾಶನದವರೆಗೆ ಜಲವಿಲ್ಲದೆ ನಮ್ಮ ಒಂದು ಕರ್ಮವೂ ನಡೆಯದು. ಆ ಜಲವನ್ನು ಮಡಿಯಿಂದ ತಂದು, ಮೈಲಿಗೆಯಾಗದಂತೆ ಕಾಯುತ್ತೇವೆ. ಆದರೆ ನಮ್ಮ ಕೊಡ ತುಂಬಿದೊಡನೆ ಶುಚಿತ್ವದ ಹೊಣೆ ಮುಗಿಯಿತೇ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಸೀಮೆ ಕೃಷ್ಣಾ, ದೂಧಗಂಗಾ, ವೇದಗಂಗೆಯರ ನಾಡು. ಆದರೂ 2019ರ ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರ ಬತ್ತಿತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ನದಿ ಉಕ್ಕಿ ಊರುಗಳನ್ನು ಮುಳುಗಿಸಿತು. 2021ರಲ್ಲಿ ಮತ್ತೆ ಪ್ರವಾಹ ಬಂದಿತು. ಬತ್ತಿದಾಗ ನೀರು ಮಡುವಿನಲ್ಲಿ ನಿಂತು ಕೆಡುತ್ತದೆ. ಉಕ್ಕಿದಾಗ ಚರಂಡಿಯ ಹೊಲಸು ಬಾವಿಯನ್ನು ಸೇರುತ್ತದೆ. ಕಣ್ಣಿಗೆ ತಿಳಿಯಾಗಿ ಕಂಡ ನೀರಿನಲ್ಲಿಯೂ ವಾಂತಿಭೇದಿ, ಕಾಮಾಲೆಗಳ ರೋಗಾಣುಗಳು ಇರಬಲ್ಲವು. ಅದಕ್ಕೆ ಮೊದಲು ಬಲಿಯಾಗುವವು ಎಳೆಯ ಕೂಸುಗಳು. ದೂರದಿಂದ ಕೊಡ ಹೊತ್ತು ಬಳಲುವವರು ತಾಯಂದಿರು.

ಶ್ರೀ ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ಒಂದು ಪ್ರಸಂಗವಿದೆ. ಮಹಾರಾಷ್ಟ್ರ ದೇಶದಲ್ಲಿ ಈಶ್ವರದೇವನೆಂಬ ರಾಜನು ಕೆರೆ ತೋಡಿಸುತ್ತ, ದಾರಿಹೋಕರನ್ನೆಲ್ಲ ಬಲಾತ್ಕಾರದಿಂದ ಅಗೆತಕ್ಕೆ ಹಚ್ಚುತ್ತಿದ್ದನು. ಯಾತ್ರೆಯಲ್ಲಿದ್ದ ಶ್ರೀಮದಾಚಾರ್ಯರಿಗೂ ಅದೇ ಆಜ್ಞೆಯಾಯಿತು. ಅಗೆಯುವ ಬಗೆಯನ್ನು ಮೊದಲು ನೀನೇ ತೋರಿಸೆಂದು ಆಚಾರ್ಯರು ಹೇಳಿದರು. ಅಗೆಯತೊಡಗಿದ ರಾಜನು ನಿಲ್ಲಿಸಲಾರದೆ ಅಗೆಯುತ್ತಲೇ ಇದ್ದನು. ಆಚಾರ್ಯರು ಮುಂದೆ ಸಾಗಿದರು. ಕೆರೆ ಕಟ್ಟಿಸುವುದು ಪುಣ್ಯವೇ ಸರಿ. ಅದರ ಭಾರವನ್ನೆಲ್ಲ ಪರರ ಹೆಗಲಿಗೆ ಹೊರಿಸಿದ್ದೇ ದೋಷವೆಂದು ನಾವು ಇದರಿಂದ ತಿಳಿಯಬೇಕು.

2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಯೋಜನೆಯು ಗ್ರಾಮದ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ಶುದ್ಧ ನೀರಿನ ಗುರಿಯಿಟ್ಟಿತು. ನಲ್ಲಿ ಕೊಡುವುದು ಸರಕಾರದ ಕರ್ತವ್ಯ. ಅದನ್ನು ಕೇಳಿ ಪಡೆಯುವುದೂ ಯೋಗ್ಯವೇ. ಆದರೆ ನಮ್ಮ ಕೈಯ ಗುದ್ದಲಿ ಎಲ್ಲಿ? ಜಲದಲ್ಲಿ ಉಗುಳುವುದನ್ನೂ ನಿಷೇಧಿಸಿದ ಶಾಸ್ತ್ರವನ್ನು ಓದಿಯೂ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲಸಹಿತ ಹೊಳೆಗೆ ಎಸೆಯುವವರು ನಮ್ಮಲ್ಲಿಯೇ ಇಲ್ಲವೇ? ಅದನ್ನು ಯಾರೂ ತುಳಿಯದ ಗಿಡದ ಬುಡದಲ್ಲಿ ಹಾಕೋಣ. ಪ್ರವಾಹ ಇಳಿದ ಮೇಲೆ ಬಾವಿಯನ್ನು ಶುದ್ಧಿಮಾಡಿಸಿ, ಕುಡಿಯುವ ನೀರನ್ನು ಕುದಿಸೋಣ. ವೈಶಾಖದಲ್ಲಿ ಉದಕುಂಭ ದಾನ ಮಾಡುವ ನಾವು, ಆ ಬೇಸಿಗೆಯಲ್ಲಿ ನಮ್ಮ ಬಾವಿಯ ಹಗ್ಗವನ್ನು ಬಾಯಾರಿ ಬಂದವರ ಕುಲ ಕೇಳದೆ ಅವರ ಕೈಗೆ ಕೊಡೋಣ.

ಸಂಪುಟದಲ್ಲಿ ಪೂಜೆಗೊಳ್ಳುವ ಶ್ರೀಹರಿಯೇ ಅವರಲ್ಲಿಯೂ ಅಂತರ್ಯಾಮಿಯಾಗಿದ್ದಾನೆ. ಅವರಿಗಿತ್ತ ಶುದ್ಧ ಜಲವು ಅವನಿಗೇ ಸಮರ್ಪಿತವಾದ ಅರ್ಘ್ಯ.

ಶ್ರೀಕೃಷ್ಣಾರ್ಪಣಮಸ್ತು.