ಎಂಜಲಿನ ಋಣ

ಉಂಡವನು ಎಲೆಯನ್ನೆತ್ತಿದೊಡನೆ ಊಟದ ಹೊಣೆಯು ತೀರಿತೆಂಬುದು ನಮ್ಮಲ್ಲಿ ಸಾಮಾನ್ಯವಾದ ಭಾವನೆ. ಉಪಾಹಾರಗೃಹದಲ್ಲಿ ಉಂಡವನಿಗಂತೂ ಎಲೆಯನ್ನೆತ್ತುವ ಶ್ರಮವೂ ಇಲ್ಲ. ಹಣವನ್ನು ಕೊಟ್ಟು ಕೈತೊಳೆದರಾಯಿತು. ಆದರೆ ತೊಳೆದ ನೀರಿನೊಡನೆ ನಮ್ಮ ಹೊಣೆಯೂ ಹರಿದುಹೋಗುವುದೇ? ಪ್ರಶ್ನೆಯು ಕ್ಷುದ್ರವಾಗಿ ಕಂಡರೂ ಧರ್ಮಜಿಜ್ಞಾಸೆಗೆ ಹೊರತಾದುದಲ್ಲ.

ದೊಡ್ಡ ಉಪಾಹಾರಗೃಹಗಳ ಬಚ್ಚಲಿಗೂ ಊರ ಚರಂಡಿಗೂ ನಡುವೆ ಜಿಡ್ಡನ್ನು ತಡೆಯುವ ತೊಟ್ಟಿಯೊಂದನ್ನು ಕಟ್ಟುವುದುಂಟು. ಪಾತ್ರೆ ತೊಳೆದ ನೀರು ಅಲ್ಲಿ ವೇಗವನ್ನು ಕಳೆದುಕೊಳ್ಳುವುದು. ಅಗುಳು ಮುಂತಾದುವು ತಳಕ್ಕಿಳಿಯುವುವು. ಹಗುರವಾದ ಜಿಡ್ಡು ಮೇಲೆ ತೇಲುವುದು. ನಡುವಣ ನೀರು ಮಾತ್ರ ಮುಂದಕ್ಕೆ ಸಾಗುವುದು. ತೊಟ್ಟಿಯಿಲ್ಲದಿದ್ದರೆ, ಅಥವಾ ಇದ್ದೂ ಅದನ್ನು ಬರಿದುಮಾಡದಿದ್ದರೆ, ಜಿಡ್ಡು ಚರಂಡಿಯನ್ನು ಹೊಕ್ಕು, ಸುಣ್ಣದಂಶದೊಡನೆ ಕೂಡಿ, ಸಾಬೂನಿನಂತೆ ಗಟ್ಟಿಯಾಗುವುದು. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಭಾಗದ ಚರಂಡಿಯಲ್ಲಿ ಸುಮಾರು 250 ಮೀಟರು ಉದ್ದದ, 130 ಟನ್ನು ತೂಕದ ಇಂತಹ ಗಡ್ಡೆಯು ಕಂಡುಬಂದಿತು. ಅದರಲ್ಲಿ ತನ್ನ ಪಾಲು ಇಷ್ಟೆಂದು ಹೇಳಬಲ್ಲವನು ಅಲ್ಲಿ ಒಬ್ಬನೂ ಇರಲಾರನು. ಪಾಲೇ ಇಲ್ಲವೆಂದು ಹೇಳಬಲ್ಲವರೂ ವಿರಳ.

ಆ ಗಡ್ಡೆಯ ಒಂದಂಶದಿಂದ ಇಂಧನವನ್ನು ತಯಾರಿಸಿದರು. ಜಿಡ್ಡನ್ನು ಕಾಯಿಸಿ, ಸೋಸಿ, ಮೊದಲು ನೀರನ್ನು ಬೇರ್ಪಡಿಸಬೇಕು. ಕೊಳೆತ ಜಿಡ್ಡಿನಲ್ಲಿ ಆಮ್ಲಾಂಶ ಹೆಚ್ಚಾಗಿರುವುದರಿಂದ ನೇರವಾಗಿ ಕ್ಷಾರವನ್ನು ಬೆರಸಿದರೆ ಸಾಬೂನಾಗಿ ಕೆಡುವುದು; ಆದಕಾರಣ ಮೊದಲು ಆಮ್ಲದ ಸಹಾಯದಿಂದ, ಅನಂತರ ಕ್ಷಾರದ ಸಹಾಯದಿಂದ, ಮೆಥನಾಲಿನೊಡನೆ ಸಂಯೋಗಗೊಳಿಸಿ ಜೈವಿಕ ಡೀಸೆಲನ್ನು ಪಡೆಯುವರು. ಉಳಿದ ಕಸರನ್ನು ಗಾಳಿಯಾಡದಂತೆ ಕೊಳೆಯಿಸಿದರೆ ಉರಿಯುವ ಅನಿಲವು ದೊರೆಯುವುದು.

ಹಾಗಾದರೆ ಪುನರುಪಯೋಗವೆಂಬುದು ತನ್ನಷ್ಟಕ್ಕೆ ಪುಣ್ಯವೆ? ಚೀನಾ ದೇಶದಲ್ಲಿ ಇಂತಹ ಜಿಡ್ಡನ್ನೇ ಶೋಧಿಸಿ ಅಡಿಗೆಯ ಎಣ್ಣೆಯೆಂದು ಮಾರಿದವರನ್ನು 2011ರಲ್ಲಿ ಬಂಧಿಸಿದರು. ಅಲ್ಲಿಯೂ ಕಸವು ಸರಕಾಯಿತು. ಆದರೆ ಉಣ್ಣುವವನಿಗೆ ಅದರ ಅರಿವಿರಲಿಲ್ಲ. ನಮ್ಮ ದೇಶದಲ್ಲಿಯೂ ಕರಿಯುವ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ನೂರಕ್ಕೆ 25ನ್ನು ಮೀರಿದರೆ ಅದನ್ನು ಅಡಿಗೆಗೆ ಬಳಸಬಾರದೆಂಬ ನಿಯಮವು 2018ರಿಂದ ಜಾರಿಯಲ್ಲಿದೆ. ಮೈಲಿಗೆಯನ್ನು ನಾವು ವಸ್ತುವಿನಲ್ಲಿ ಹುಡುಕುತ್ತೇವೆ. ವಸ್ತುವಿನ ಕೊಳೆಯನ್ನು ಬೆಂಕಿಯೂ ರಸಾಯನವೂ ಕಳೆಯಬಲ್ಲವು. ವಂಚನೆಯ ಕೊಳೆಗೆ ಅಂತಹ ಪಾಕವಿಲ್ಲ.

‘ಬೆಲೆಯನ್ನು ಕೊಟ್ಟಿದ್ದೇವೆ, ತೆರಿಗೆಯನ್ನೂ ತೆತ್ತಿದ್ದೇವೆ, ಇನ್ನೇನು ಋಣ?’ ಎಂದು ಕೆಲವರು ಕೇಳಬಹುದು. ಆಕ್ಷೇಪಣೆಯು ಅಲ್ಲಗಳೆಯತಕ್ಕದ್ದಲ್ಲ. ಬೆಲೆಯು ಶ್ರಮಕ್ಕೆ ಸಲ್ಲುವುದು ನಿಜ. ಆದರೆ ಕೊಳೆತ ಜಿಡ್ಡಿನಿಂದ ವಿಷಾನಿಲವೇಳುವುದು. ರಕ್ಷಣೆಯಿಲ್ಲದೆ ಮನುಷ್ಯನನ್ನು ಚರಂಡಿಗೂ ಮಲಗುಂಡಿಗೂ ಇಳಿಸಬಾರದೆಂದು 2013ರ ಶಾಸನವು ವಿಧಿಸಿದೆ. ಆದರೂ ಹಾಗೆ ಇಳಿದು ಸತ್ತವರ ವಾರ್ತೆ ಇನ್ನೂ ನಿಂತಿಲ್ಲ. ಒಂದು ದೋಸೆಯ ಬೆಲೆಯಲ್ಲಿ ಅನ್ಯನ ಪ್ರಾಣದ ಅಪಾಯವನ್ನೂ ಕೊಂಡುಕೊಂಡೆವೆಂದು ಹೇಳಲು ಯಾರ ನಾಲಗೆ ಏಳುವುದು? ಕೊಂಡಿಲ್ಲವಾದರೆ ಅದು ಸಾಲವಾಗಿಯೇ ಉಳಿದಿದೆ.

ನಮ್ಮ ಹಿರಿಯರು ದೇವ, ಋಷಿ, ಪಿತೃಋಣಗಳೊಡನೆ ಮನುಷ್ಯಋಣವನ್ನೂ ಎಣಿಸಿದರು. ಅತಿಥಿಗೆ ಅನ್ನವಿಕ್ಕಿ ಅದನ್ನು ತೀರಿಸುವುದೆಂದರು. ನಮ್ಮ ಎಂಜಲನ್ನು ಹೊರುವ ಅಪರಿಚಿತನೂ ಆ ಲೆಕ್ಕಕ್ಕೆ ಸೇರಿದವನೇ. ಕರಿದ ಎಣ್ಣೆಯನ್ನು ಬಚ್ಚಲಿಗೆ ಸುರಿಯದಿರುವುದು, ತೊಟ್ಟಿಯನ್ನು ಯಂತ್ರದಿಂದ ಬರಿದುಮಾಡಿಸುವುದು, ಅದಕ್ಕೆ ತಗಲುವ ಹಣವನ್ನು ಗೊಣಗದೆ ತೆರುವುದು—ಇವು ಸಣ್ಣ ಕೆಲಸಗಳು. ಋಣವೂ ಹನಿಹನಿಯಾಗಿಯೇ ಕೂಡಿದುದು. ತೀರಿಸುವ ಬಗೆಯೂ ಹಾಗೆಯೇ ಇರಬೇಕಷ್ಟೆ.