ಹೋದರೆ ಹೋಗಲಿ ಎನ್ನುವ ಗಿಟಾರ್

ಶಿವಮೊಗ್ಗ, ಭದ್ರಾವತಿ ಕಡೆಯ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವ ನಮ್ಮಂಥ ಹಲವರ ಹತ್ತಿರ ಎರಡು ಗಿಟಾರ್‌ಗಳಿರುತ್ತವೆ. ಒಂದು ಪೆಂಡಾಲಿಗೆ ಹೋಗುವುದು, ಇನ್ನೊಂದು ಮನೆಯಲ್ಲೇ ಇರುವುದು. ಮೊದಲನೆಯದರ ಮಾತು ಬಂದರೆ ‘ಹೋದರೆ ಹೋಗಲಿ ಬಿಡು’ ಎನ್ನುತ್ತೇವೆ. ಎರಡನೆಯದನ್ನು ಮುಟ್ಟುವ ಮೊದಲು ಕೈ ತೊಳೆದುಕೊಳ್ಳುತ್ತೇವೆ.

ನನ್ನ ಮನೆಯಲ್ಲಿರುವುದು ಅಪ್ಪ ಕೊಂಡಿದ್ದ, ಕೋಲ್ಕತ್ತದಲ್ಲಿ ತಯಾರಾದ ಗಿಟಾರ್. ದುಬಾರಿಯದೇನಲ್ಲ. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಅವರು ಇದನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. ಅವರ ಹೆಬ್ಬೆರಳು ತಾಗುತ್ತಿದ್ದ ಕಡೆ ಕತ್ತಿನ ಪಾಲಿಶ್ ಸವೆದಿದೆ. ಆ ಸವೆತವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಜುಲೈ ಮಳೆಗೆ ಮರ ಉಬ್ಬಿ ತಂತಿಗಳು ಮೇಲೇಳುತ್ತವೆ, ಒತ್ತಿದರೆ ಬೆರಳು ನೋಯುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟು ಬಿಸಿಲಿಗೆ ಕಾಯುತ್ತೇನೆ.

ಪೆಂಡಾಲಿಗೆ ಹೋಗುವ ಚೀಲದ ಲೋಕವೇ ಬೇರೆ. ಎಲೆಕ್ಟ್ರಿಕ್ ಗಿಟಾರ್, ಒಂದು ಪ್ರೊಸೆಸರ್, ಅದರ ಅಡಾಪ್ಟರ್, ಮೂರು ಕೇಬಲ್ (ಎರಡು ಸಾಕು, ಮೂರನೆಯದು ಅನುಭವ ಕಲಿಸಿದ್ದು), ಟ್ಯೂನರ್, ಒಂದು ಸೆಟ್ ತಂತಿ, ಎಕ್ಸ್‌ಟೆನ್ಶನ್ ಬೋರ್ಡ್, ಮಳೆಗೆ ದಪ್ಪ ಪ್ಲಾಸ್ಟಿಕ್ ಹಾಳೆ. ಜೊತೆಗೆ ಒಂದು ಟೆಸ್ಟರ್. ಜನರೇಟರಿಗೆ ಅರ್ಥಿಂಗ್ ಸರಿಯಿಲ್ಲದಿದ್ದರೆ, ತಂತಿಯ ಮೇಲೆ ಕೈಯಿಟ್ಟುಕೊಂಡೇ ಮೈಕಿಗೆ ತುಟಿ ತಾಗಿಸಿದವನಿಗೆ ಶಾಕ್ ಹೊಡೆಯುತ್ತದೆ. ನಮ್ಮಲ್ಲಿ ಹಾಡಿನ ಮೊದಲ ಪಾಠ ಸ್ವರದ್ದಲ್ಲ, ಟೆಸ್ಟರಿನದ್ದು.

ಒಂದು ಕಾರ್ಯಕ್ರಮ ಮುಗಿದ ಮೇಲೆ, ಕೇಬಲ್ ಸುತ್ತಲು ಕೈಜೋಡಿಸಿದ ಕಾಲೇಜು ಹುಡುಗನೊಬ್ಬ ಕೇಳಿದ: “ಅಣ್ಣ, ಚೆನ್ನಾಗಿರೋದನ್ನ ಮನೇಲಿಟ್ಟು ನಮಗೆ ಇದನ್ನ ಕೇಳಿಸ್ತೀರಲ್ಲ, ಇದು ಪಂಕ್ತಿಭೇದ ಅಲ್ವಾ?”

ಒಳ್ಳೆಯ ಪ್ರಶ್ನೆ. ಉತ್ತರದ ಅರ್ಧ ಭಾಗ ಸುಲಭ. ಪೆಂಡಾಲಿನ ಸ್ಪೀಕರ್‌ಗಳ ಮುಂದೆ ಅಪ್ಪನ ಗಿಟಾರಿಗೆ ಮೈಕ್ ಹಿಡಿದರೆ, ಸ್ಪೀಕರಿನ ಸದ್ದಿಗೆ ಅದರ ಟೊಳ್ಳು ಹೊಟ್ಟೆಯೂ ಕಂಪಿಸಿ, ಆ ಸದ್ದು ಮತ್ತೆ ಮೈಕಿಗೇ ಹೋಗಿ ಕೂಗೇಳುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ನಡುಗಿ, ಅದರ ಸುತ್ತಲಿನ ಸುರುಳಿಯಲ್ಲಿ ವಿದ್ಯುತ್ ಹುಟ್ಟಿ, ಅದು ಪ್ರೊಸೆಸರ್, ಮಿಕ್ಸರ್ ದಾಟಿ ಜನರ ಕಿವಿ ಸೇರುತ್ತದೆ. ಮರದ ಸೂಕ್ಷ್ಮಗಳಲ್ಲಿ ಆ ದಾರಿ ಮುಗಿಯುವವರೆಗೆ ಉಳಿಯುವುದು ಕಡಿಮೆ. ಕೇಳಲು ಬಂದವರಿಗೆ ನಾನು ಸಲ್ಲಿಸಬೇಕಾದದ್ದು ಅಪ್ಪನ ನೆನಪಲ್ಲ. ಶ್ರುತಿ ತಪ್ಪದ, ಗುಂಯ್‌ಗುಡದ, ನಡುವೆ ನಿಲ್ಲದ ವಾದ್ಯ. ಬೆಂಗಳೂರಿನ ಸಭಾಂಗಣಕ್ಕೆ ಒಂದು, ಹಳ್ಳಿಯ ಗಣಪತಿಗೆ ಇನ್ನೊಂದು ಒಯ್ದರೆ ಅದು ಪಂಕ್ತಿಭೇದ. ನಾನು ಎಲ್ಲ ಕಡೆಗೂ ಒಂದನ್ನೇ ಒಯ್ಯುತ್ತೇನೆ.

ಉಳಿದರ್ಧ ಸುಲಭವಲ್ಲ. ಸ್ಟ್ರಾಡಿವಾರಿ 1716ರಲ್ಲಿ ಮಾಡಿದ ‘ಮೆಸ್ಸಾಯ’ ಎಂಬ ವಯಲಿನ್ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿದೆ. ಹೊಸದರಂತೆ ಹೊಳೆಯುತ್ತದೆ, ಏಕೆಂದರೆ ಅದನ್ನು ಯಾರೂ ನುಡಿಸುವುದಿಲ್ಲ. ಪಗನೀನಿ ತನ್ನ 1743ರ ಗ್ವಾರ್ನೇರಿ ವಯಲಿನ್ನನ್ನು ಹುಟ್ಟೂರು ಜಿನೋವಾಕ್ಕೆ ಬಿಟ್ಟುಹೋದ. ಅದನ್ನು ಈಗಲೂ ಆಗಾಗ ಹೊರತೆಗೆದು, ಅಲ್ಲಿನ ಸ್ಪರ್ಧೆಯಲ್ಲಿ ಗೆದ್ದವರ ಕೈಗೆ ಕೊಡುತ್ತಾರೆ. ಮೊದಲನೆಯದು ಉಳಿದಿದೆ, ಎರಡನೆಯದು ಬದುಕಿದೆ ಅಂತ ನನಗನ್ನಿಸುತ್ತದೆ. ಮ್ಯೂಸಿಯಮ್ಮಿನವರು ಒಪ್ಪಲಿಕ್ಕಿಲ್ಲ.

ಆದರೆ ಹುಡುಗನ ಪ್ರಶ್ನೆ ನನ್ನನ್ನು ಕಡೆಗೆ ತಂದು ನಿಲ್ಲಿಸಿದ್ದು ಮನೆಯ ಗಿಟಾರಿನ ಮುಂದಲ್ಲ, ಚೀಲದಲ್ಲಿರುವುದರ ಮುಂದೆ. ‘ಹೋದರೆ ಹೋಗಲಿ’ ಎನ್ನುವ ಮಾತು ಎಲ್ಲಿಂದ ಬಂತು? ದೇವಸ್ಥಾನದಲ್ಲೂ ಇಂಥ ಏರ್ಪಾಡಿದೆ: ಮೂಲವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ, ಬೀದಿಗೆ ಬರುವುದು ಉತ್ಸವಮೂರ್ತಿ. ಹೊರಗೆ ಹೋಗುವುದು ತಾನೇ ಎಂದು ಅದನ್ನು ಯಾರೂ ಹಗುರವಾಗಿ ಎತ್ತುವುದಿಲ್ಲ. ನಡೆಯಲಾಗದ ಅಜ್ಜಿಗೆ ಮನೆ ಬಾಗಿಲಲ್ಲಿ ಸಿಗುವ ದೇವರು ಅದೇ.

ಭದ್ರಾವತಿಯಲ್ಲಿ ಬೆಳೆದವರಿಗೆ ಈ ಮಾತು ಇನ್ನೊಂದು ಕಡೆ ಚುಚ್ಚುತ್ತದೆ. ವಿಐಎಸ್‌ಎಲ್ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಧರಣಿ ಕೂತವರು ಗುತ್ತಿಗೆ ಕಾರ್ಮಿಕರು. ಗಿಟಾರನ್ನೂ ಮನುಷ್ಯರನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸಲ್ಲದು, ಗೊತ್ತು. ಆದರೆ ‘ಬದಲಿ ಸಿಗುತ್ತೆ’ ಎನ್ನುವ ಲೆಕ್ಕ ನಾಲಿಗೆಗೆ ಒಮ್ಮೆ ರೂಢಿಯಾದರೆ ಅದು ವಸ್ತುವಿಗೆ ಮಾತ್ರ ನಿಲ್ಲುವುದಿಲ್ಲ. ಬದಲಿ ಸಿಗುತ್ತದೆ ಎನ್ನುವುದು ಅಂಗಡಿಯ ಸತ್ಯ. ನನ್ನ ಮಗಳ ಶಾಲೆಯ ಫೀಸು ಕಟ್ಟಿದ್ದು ಚೀಲದಲ್ಲಿರುವ ಆ ಗಿಟಾರೇ.

ಆಯುಧಪೂಜೆಯ ದಿನ ಅಮ್ಮ ಕುಂಕುಮದ ಬಟ್ಟಲು ಹಿಡಿದು, “ಯಾವುದಕ್ಕೋ ಇಡೋದು?” ಅಂದರು. ನಾನು ಹೇಳುವ ಮೊದಲೇ ಚೀಲ ಬಿಚ್ಚಿ ಎಲೆಕ್ಟ್ರಿಕ್ ಗಿಟಾರಿಗೆ, ಪ್ರೊಸೆಸರಿಗೆ, ಕಡೆಗೆ ಟೆಸ್ಟರಿಗೂ ಇಟ್ಟರು. ಅಪ್ಪನ ಗಿಟಾರನ್ನು ಸರಸ್ವತಿ ಪಟದ ಕೆಳಗೆ ಮಗಳ ಪುಸ್ತಕಗಳ ಪಕ್ಕ ಒರಗಿಸಿದರು. ಅವರಿಗೆ ಇದರಲ್ಲಿ ಗೊಂದಲವೇ ಇರಲಿಲ್ಲ. ಅದೇ ಸಂಜೆ ಕಾರ್ಯಕ್ರಮವಿತ್ತು. ಪ್ರೊಸೆಸರಿನ ಒಂದು ಗುಂಡಿಯ ಸಂದಿಯಲ್ಲಿ ಈಗಲೂ ಕೆಂಪಿದೆ.

ಅಪ್ಪನ ಗಿಟಾರಿನ ವಿಷಯ ಬಾಕಿ ಉಳಿಯಿತು. ಪೆಂಡಾಲಿನಲ್ಲಿ ಕೇಳಿಸದ್ದು ಒಂದು ಕೋಣೆಯಲ್ಲಿ ಇಬ್ಬರಿಗೆ ಚೆನ್ನಾಗಿ ಕೇಳಿಸುತ್ತದೆ. ಆ ಹುಡುಗನಿಗೆ ಒಂದು ಭಾನುವಾರ ಮನೆಗೆ ಬಾ ಎಂದಿದ್ದೇನೆ. ಅಷ್ಟರೊಳಗೆ ತಂತಿ ಬದಲಿಸಬೇಕು, ಈಗಿರುವವು ತುಕ್ಕು ಹಿಡಿದಿವೆ.