ಅಹಾಬನ ಔತಣಕ್ಕೆ ಹೋದ ಯೆಹೋಷಾಫಾಟ

2 ಪೂರ್ವಕಾಲವೃತ್ತಾಂತ 18ನೇ ಅಧ್ಯಾಯ ತೆಗೆಯಿರಿ.

ಯೆಹೋಷಾಫಾಟ ಕೆಟ್ಟ ಅರಸನಲ್ಲ. ಊರೂರಿಗೆ ಲೇವಿಯರನ್ನು ಕಳಿಸಿ ಧರ್ಮಶಾಸ್ತ್ರ ಕಲಿಸಿದವನು. ಐಶ್ವರ್ಯ, ಘನತೆ ಯಾವುದಕ್ಕೂ ಕೊರತೆ ಇರಲಿಲ್ಲ. ಹಾಗಿದ್ರೂ ಅಹಾಬನ ಜೊತೆ ಬೀಗತನ ಮಾಡಿಕೊಂಡ. ಯಾಕೆ? ಉದ್ದೇಶ ಒಳ್ಳೆಯದೇ ಇದ್ದಿರಬೇಕು ಅಂತ ನನಗನ್ನಿಸುತ್ತೆ. ಯೆಹೂದ, ಇಸ್ರಾಯೇಲ್ ಅಣ್ಣತಮ್ಮಂದಿರು, ಜಗಳ ಬೇಡ ಅಂದುಕೊಂಡಿರಬಹುದು.

ಈಗ ಕ್ರಮ ಗಮನಿಸಿ. ಮೊದಲು ಔತಣ. ಆಮೇಲೆ ಯುದ್ಧಕ್ಕೆ ಬರ್ತೀನಿ ಅಂತ ಮಾತು. ಅದಾದ ಮೇಲೆ, ದೇವರನ್ನು ಕೇಳೋಣ ಅಂದ! ಸಹಿ ಹಾಕಿದ ಮೇಲೆ ಪತ್ರ ಓದಿದ ಹಾಗೆ.

400 ಮಂದಿ ಪ್ರವಾದಿಗಳು ಹೋಗು ಅಂದರು. ಮೀಕಾಯೆಹು ಒಬ್ಬನೇ ಸತ್ಯ ಹೇಳಿ ಸೆರೆಮನೆ ಸೇರಿದ. ಕರ್ತನ ಪ್ರವಾದಿ ಬೇರೆ ಯಾರೂ ಇಲ್ಲವಾ ಅಂತ ಕೇಳಿದವನೇ ಯೆಹೋಷಾಫಾಟ. ಆದರೆ ಅವನನ್ನು ಎಳೆದುಕೊಂಡು ಹೋಗುವಾಗ ಇವನು ಒಂದು ಮಾತು ಆಡಿದ್ದಾಗಿ ವಾಕ್ಯದಲ್ಲಿಲ್ಲ. ಪ್ರಿಯರೇ, ಇಂಥ ಸ್ನೇಹ ಮೊದಲು ಕಟ್ಟೋದು ನಮ್ಮ ನಾಲಿಗೆಯನ್ನು.

ಯುದ್ಧದಲ್ಲಿ ಅಹಾಬ ವೇಷ ಮರೆಸಿಕೊಂಡ, ಇವನಿಗೆ ರಾಜವಸ್ತ್ರ ಹಾಕ್ಕೋ ಅಂದ. ಶತ್ರುಗಳು ಇವನನ್ನೇ ಮುತ್ತಿದರು. ಕೂಗಿಕೊಂಡ, ಕರ್ತನು ಬಿಡಿಸಿದನು. ಸ್ತೋತ್ರ! ಆದರೆ ಆ ಬೀಗತನ ಉಳೀತು. ಅಹಾಬನ ಮನೆಯ ಹೆಣ್ಣು ಅತಲ್ಯ ಸೊಸೆಯಾದಳು. ಮಗ ಯೆಹೋರಾಮ ಸ್ವಂತ ತಮ್ಮಂದಿರನ್ನೇ ಕೊಂದ. ಮುಂದೆ ಅತಲ್ಯ ರಾಜವಂಶವನ್ನೇ ಅಳಿಸಹೊರಟಳು. ದಾವೀದನ ದೀಪ ಆರದೆ ಉಳಿದದ್ದು, ಆಲಯದಲ್ಲಿ 6 ವರ್ಷ ಬಚ್ಚಿಟ್ಟ ಯೋವಾಷನೆಂಬ ಒಂದು ಕೂಸಿನಿಂದ. ತಾತ ಉಂಡ ಔತಣದ ಸಾಲವನ್ನು ಮಕ್ಕಳು ಮರಿಮಕ್ಕಳು ತೀರಿಸಿದರು.

ಹಾಗಾದ್ರೆ ಅಧಿಕಾರದ ಹತ್ತಿರವೇ ಹೋಗಬಾರದಾ? ಹಾಗಲ್ಲ. ಯೋಸೇಫ ಫರೋಹನ ಬಳಿ ಇದ್ದ, ದಾನಿಯೇಲ ಬಾಬೆಲಿನ ಅರಮನೆಯಲ್ಲಿದ್ದ. ಆದರೆ ದಾನಿಯೇಲ, ಬಹುಮಾನ ಬೇಡ ಅಂತ ಮೊದಲೇ ಹೇಳಿ, ಆಮೇಲೆ ಬೇಲ್ಶಚ್ಚರನ ಮುಂದೆ ಗೋಡೆಯ ಬರಹ ಓದಿದ. ಕೈ ಖಾಲಿ ಇತ್ತು, ಅದಕ್ಕೇ ಬಾಯಿ ತೆರೆಯಿತು.

ಚುನಾವಣೆ ಬಂದಾಗ ಸಭೆಗೆ ಶೀಟು, ಕುರ್ಚಿ, ಜನರೇಟರ್ ಕೊಡ್ತೀವಿ ಅಂತ ಬರ್ತಾರೆ. ಅವರಿಗಾಗಿ ಪ್ರಾರ್ಥಿಸೋಣ, ಅದು ನಮಗಿರುವ ಆಜ್ಞೆ. ಆದರೆ ಸೇವಕರೇ, ನಾನು ಒಂದೇ ಪ್ರಶ್ನೆ ಕೇಳ್ತೀನಿ. ನಾಳೆ ಇವರೇ ಒಬ್ಬ ನಾಬೋತನ ದ್ರಾಕ್ಷಿತೋಟ ಕಿತ್ತುಕೊಂಡರೆ, ಇದೇ ವೇದಿಕೆಯಿಂದ ಅದು ತಪ್ಪು ಅನ್ನೋ ಧೈರ್ಯ ನಮಗೆ ಉಳಿದಿರುತ್ತಾ? ಇಲ್ಲ ಅಂದ್ರೆ ಆ ಕುರ್ಚಿ ಬಹಳ ದುಬಾರಿ. ನೆಲದ ಮೇಲೆ ಚಾಪೆ ಹಾಸಿ ಆರಾಧಿಸೋಣ.

ಕರ್ತನು ನಮ್ಮ ನಾಲಿಗೆಯನ್ನು ಕಾಯಲಿ. ಆಮೆನ್.